ರಬ್ಬರ್ ಚೈನಿಗೆ ಹೊಂಗೆ ಎಣ್ಣೆ

ಹಂಪಮ್ಮನ ಗಂಡ ಶಂಕರಪ್ಪ ಬಳ್ಳಾರಿ ಕಡೆಯವನು. ತೆಲುಗು ಸೀಮೆಯ ಗಾಜುವಾಕದ ಒಂದು ಯಾರ್ಡಿನಲ್ಲಿ ಮಣ್ಣು ಅಗೆಯುವ ಮಿಷನ್ ಓಡಿಸುತ್ತಿದ್ದ. ಜಪಾನಿನಿಂದ ಸೆಕೆಂಡ್‌ಹ್ಯಾಂಡಾಗಿ ಬಂದ ಸಣ್ಣ ಮಿಷನ್ ಅದು. ಗಾಲಿಯ ಬದಲು ನೆಲದ ಮೇಲೆ ಉರುಳುವ ಅದರ ಚೈನು ಕಬ್ಬಿಣದ್ದಲ್ಲ, ರಬ್ಬರಿನದು. ಟಾರು ರಸ್ತೆ ಮೇಲೆ ಹೋದರೂ ರಸ್ತೆ ಕೀಳುತ್ತಿರಲಿಲ್ಲ. ತೊಂಬತ್ನಾಲ್ಕರಲ್ಲಿ ಕೆಲಸ ನಿಂತಿತು. ವಿಜಯವಾಡದ ಕಾಲುವೆ ಕೆಲಸ ಶುರುವಾಗುವವರೆಗೆ ಮಿಷನ್ ಸುಮ್ಮನಿರಲಿ ಅಂದರು ಮಾಲೀಕರು ಸೂರ್ಯಪ್ರಕಾಶ್. ಶಂಕರಪ್ಪ ಚೈನು ಎರಡನ್ನೂ ಬಿಚ್ಚಿ, ತೊಳೆದು, ತಗಡಿನ ಶೆಡ್ಡಿನಲ್ಲಿ ಹಲಗೆ ಮೇಲೆ ಮಲಗಿಸಿ, ಗೋಣಿತಟ್ಟು ಹೊದಿಸಿದ.

"ಬಿಸಿಲು ಬೀಳಬಾರದು, ನೀರು ನಿಲ್ಲಬಾರದು. ಮೇಲೆ ಏನೂ ಹೇರಬ್ಯಾಡ, ಮಡಚಿಕೊಂಡ್ರೆ ಒಳಗಿನ ತಂತಿ ಮುರೀತದ," ಅಂದ ಹೆಂಡತಿಗೆ.

"ನನಗ್ಯಾಕ ಹೇಳ್ತೀರಿ? ನೀವಿಲ್ಲೇನು?"

"ಇರ್ತೀನಿ. ಹಂಗೇ ಹೇಳಿದೆ."

ಮುಂದಿನ ತಿಂಗಳು ಕಾಮಾಲೆಯಾಗಿ ತೀರಿಕೊಂಡ.

ಸೂರ್ಯಪ್ರಕಾಶ್ ಬಂದು ನಿಂತು ಹೇಳಿದರು, "ಯಾರ್ಡಿನ ರೂಮಿನಲ್ಲೇ ಇರಿ ಅಮ್ಮಾ, ಸಾಮಾನು ನೋಡಿಕೊಳ್ಳಿ. ಮಿಷನ್ ವಿಜಯವಾಡಕ್ಕೆ ಹೊರಟ ದಿನ ಈ ಯಾರ್ಡು ಬಿಟ್ಟುಬಿಡ್ತೇವೆ. ಅಲ್ಲಿವರೆಗೆ ನಿಮ್ಮದೇ." ಆಮೇಲೆ ಹೋಗಲು ಅವಳಿಗಿದ್ದದ್ದು ವಿಜಯವಾಡದಲ್ಲಿದ್ದ ತಮ್ಮನ ಮನೆ ಒಂದೇ. ತಮ್ಮನ ಹೆಂಡತಿ ಕನಕದುರ್ಗ ತೆಲುಗಿನವಳು. ತಿಥಿಗೆ ಬಂದಾಗ, ಯಾರೂ ಕೇಳದಿದ್ದರೂ, "ನಮ್ಮ ಮನೆ ಬಹಳ ಚಿಕ್ಕದು ವದಿನಾ," ಅಂದಿದ್ದಳು.

ಹಂಪಮ್ಮ ಅಳಲಿಲ್ಲ. ಅನ್ನ ಮಾಡಿದಳು, ಉಂಡಳು, ಅಂಗಳ ಗುಡಿಸಿದಳು. ಒಂದು ದಿನ ಗೋಣಿತಟ್ಟು ಎತ್ತಿ ನೋಡಿದರೆ ರಬ್ಬರು ಬೂದಿ ಬಳಿದ ಹಾಗೆ ಒಣಗಿ ಕಾಣಿಸಿತು. ತವರಿನಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಬಾನಿ ಇತ್ತು. ಮಳೆಗಾಲದಲ್ಲಿ ಕಪಿಲೆ ನಿಂತಾಗ ತೊಗಲು ಬಿರಿಯಬಾರದೆಂದು ಅಪ್ಪ ಅದಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದ. ಅಂಗಡಿಯಲ್ಲಿ ಕಾನುಗ ನೂನೆ ಎಂದು ಕೇಳಿದರೆ ಅದೇ ಎಣ್ಣೆ ಸಿಕ್ಕಿತು. ವಾರಕ್ಕೊಮ್ಮೆ ಕೂತು, ಹಲ್ಲುಹಲ್ಲಿಗೂ ಬೆರಳು ತೂರಿಸಿ ತಿಕ್ಕಿದಳು. ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಕೈ ಆಡುತ್ತಿತ್ತು. ಎಣ್ಣೆ ಹಚ್ಚಬೇಡ ಎಂದು ಶಂಕರಪ್ಪ ಹೇಳಿರಲಿಲ್ಲ. ಹಚ್ಚುವವರಿದ್ದಾರೆಂದು ಅವನಿಗೆ ಹೊಳೆದಿದ್ದರೆ ತಾನೇ!

ಬೇಸಿಗೆಗೆ ಕಾಲುವೆ ಕೆಲಸ ಶುರುವಾಯಿತು. ಚೈನು ಏರಿಸಲು ಮೆಕ್ಯಾನಿಕ್ ನರಸಿಂಹಮೂರ್ತಿ ಬಂದ. ಗೋಣಿತಟ್ಟು ತೆಗೆದು ಮೂಸಿದ.

"ಯಾರಮ್ಮಾ ಇದಕ್ಕೆ ಎಣ್ಣೆ ಹಚ್ಚಿದ್ದು?"

"ನಾನೇ. ಒಣಗಬಾರದಂತ."

"ಒಂದು ಜಡೆ ಹಾಕಿ ಹೂ ಮುಡಿಸೋದಲ್ವಾ!" ಎಂದು ನಗುತ್ತಲೇ ಒಂದು ಹಲ್ಲು ಹಿಡಿದೆಳೆದ. ನೆನೆದ ಚಕ್ಕುಲಿಯ ಹಾಗೆ ಅದು ಕೈಗೆ ಬಂತು. ಒಳಗಿನ ತಂತಿ ಕಾಣಿಸಿತು. ಅವನ ನಗು ನಿಂತಿತು. "ರಬ್ಬರಿಗೆ ಎಣ್ಣೆ ಆಗೋದಿಲ್ಲ ತಾಯಿ. ಉಬ್ಬಿ ಕೊಳೆತುಹೋಗುತ್ತೆ."

ಸೂರ್ಯಪ್ರಕಾಶ್ ಬಂದರು. ಎರಡೂ ಚೈನು ಒತ್ತಿ ನೋಡಿದರು. ಕೂಗಾಡಲಿಲ್ಲ.

"ಹೊಸದು ಹಡಗಿನಲ್ಲಿ ಬರಬೇಕು, ತಿಂಗಳುಗಟ್ಟಲೆ ಆಗುತ್ತೆ. ಅಲ್ಲಿವರೆಗೆ ಯಾರ್ಡೂ ಇರುತ್ತೆ, ನಿಮ್ಮ ರೂಮೂ ಇರುತ್ತೆ," ಅಂದರು. "ಚೆನ್ನಾಗಿ ಯೋಚನೆ ಮಾಡಿದ್ದೀರಮ್ಮಾ."

ಮಾತು ತಲೆಗೆ ಹತ್ತಲು ಅವಳಿಗೆ ಹೊತ್ತು ಹಿಡಿಯಿತು. ನರಸಿಂಹಮೂರ್ತಿಗೆ ಮೊದಲೇ ತಿಳಿದು, ಅವನು ತಲೆ ತಗ್ಗಿಸಿದ.

"ಹಂಗಲ್ರಿ," ಅಂದಳು. ಚೈನು ಕೆಟ್ಟರೆ ರೂಮು ಉಳಿಯುತ್ತದೆಂದು ಅವಳಿಗೆ ಒಮ್ಮೆಯೂ ತೋಚಿರಲಿಲ್ಲ. ಈಗ ತೋಚಿತು. ರೂಮು ನಿಜವಾಗಿಯೂ ಉಳಿದಿತ್ತು.

ಬೆಳಿಗ್ಗೆ ಸೀರೆ, ಪಾತ್ರೆ ಗಂಟು ಕಟ್ಟಿ, ಬೀಗದ ಕೈಯನ್ನು ನರಸಿಂಹಮೂರ್ತಿಗೆ ಕೊಟ್ಟಳು.

"ಸಾರ್ ನಿಮಗೆ ಹೋಗಿ ಅನ್ನಲಿಲ್ಲವಲ್ಲಮ್ಮಾ. ಇರಿ."

"ಇದ್ರೆ ಅವರು ಅಂದದ್ದು ಖರೇ ಆಗ್ತದಪ್ಪಾ."

ವಿಜಯವಾಡದಲ್ಲಿ ಕನಕದುರ್ಗ ಬಾಗಿಲು ತೆರೆದು, ಮೊದಲು ಗಂಟು ನೋಡಿ, ಆಮೇಲೆ ಮುಖ ನೋಡಿದಳು.

"ಎಷ್ಟು ದಿನಕ್ಕೆ ಬಂದಿರಿ ವದಿನಾ?"

"ಗೊತ್ತಿಲ್ಲಮ್ಮಾ," ಅಂದಳು ಹಂಪಮ್ಮ. ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿದಳು.