ಕೆಸರಿನ ಚಳಿ ಕಾಯುವವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಮುದ್ರ ಹಿಂದೆ ಸರಿದ ಜಾಗದಲ್ಲಿ, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಕೆಸರಿನ ಮೇಲೆ ಬಗ್ಗಿದ್ದಾಳೆ. ಗಾಜಿನ ಕೊಳವೆಯನ್ನು ಕೆಸರಿಗೆ ಒತ್ತಿ, ಬಾಯಿಗೆ ಬಿರಡೆ ಹಾಕಿ, ಅಲುಗದಂತೆ ಮೇಲೆತ್ತಿ ತಂಪು ಪೆಟ್ಟಿಗೆಯಲ್ಲಿ ಇಡುತ್ತಾಳೆ. ನಡುನಡುವೆ ತಲೆಯೆತ್ತಿ ಪೂರ್ವದ ಕಡೆ ನೋಡುತ್ತಾಳೆ, ಬೇಡದ ನೆಂಟ ಇನ್ನೇನು ಬಂದೇಬಿಟ್ಟ ಎಂಬಂತೆ. ನಾಳೆಯಿಂದ ಬೆಚ್ಚನೆ ಗಾಳಿ ಬೀಸುತ್ತದಂತೆ. ಈ ಚಳಿಗಾಲಕ್ಕೆ ಇದೇ ಕೊನೆಯ ಕೆಸರು.

ಕಡಲ ಸಂಶೋಧನಾಲಯದಲ್ಲಿ ಆಕೆ ಸಹಾಯಕಿ. ಅಲ್ಲಿ ಎಲ್ಲರಿಗೂ ‘ಕೆಸರಕ್ಕ’. ಈ ಕೆಸರಿನ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳಿವೆ. ಲಕ್ಷಗಟ್ಟಲೆ ಒಟ್ಟಾದಾಗ ಮಾತ್ರ ಹೊಂಬಣ್ಣದ ತೆಳು ಪೊರೆಯಂತೆ ತೋರುತ್ತವೆ. ಅವು ಚಳಿಯನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದೇ ಅಲ್ಲಿನವರ ಹುಡುಕಾಟ.

“ಚಳಿಗೆ ಬೆಣ್ಣೆ ಕಲ್ಲಾಗತ್ತೆ, ಎಣ್ಣೆ ಹರೀತಾನೇ ಇರತ್ತೆ, ಅಲ್ವಾ? ಇವೂ ಮೈಯೊಳಗಿನ ಕೊಬ್ಬನ್ನ ಎಣ್ಣೆ ಥರ ಮಾಡ್ಕೊಳ್ತವೆ, ಗಟ್ಟಿ ಕಟ್ಟಬಾರ್ದು ಅಂತ. ಬಿಸಿಲು ಜಾಸ್ತಿಯಾದ್ರೆ ಕೆಸರೊಳಗೆ ಇಳಿದುಬಿಡ್ತವೆ. ಚಳೀಲಿ ಅವುಗಳ ಕೆಲಸ ನಿಧಾನ. ಆಗ ಬೆಳಕು ಸುರಿದ್ರೆ, ಜ್ವರ ಬಂದೋರಿಗೆ ಮದುವೆ ಊಟ ಬಡಿಸಿದ ಹಾಗೆ,” ಎನ್ನುತ್ತಾಳೆ ಕೆಸರಕ್ಕ.

ಸಂಶೋಧನಾಲಯಕ್ಕೆ ತರುವ ದಾರಿಯಲ್ಲಿ ಕೆಸರು ಬೆಚ್ಚಗಾದರೆ ಆ ಕೊಬ್ಬು ಮತ್ತೆ ಬದಲಾಗತೊಡಗುತ್ತದೆ. ಚಳಿಯ ಗುರುತೇ ಉಳಿಯುವುದಿಲ್ಲ. ಹೋದ ಚಳಿಗಾಲ ಹಾಗೇ ಆಯಿತು. ಆಕೆಯ ಬೆರಳು ನೀಲಿಗಟ್ಟಿದ್ದನ್ನು ಕಂಡು ಚಾಲಕ ಮರುಕಪಟ್ಟು ಗಾಡಿಯ ಹೀಟರ್ ಹಾಕಿದ. ಹಿತವಾಗಿ ಆಕೆ ತೂಕಡಿಸಿದಳು. ಕೆಸರಿನ ಪೆಟ್ಟಿಗೆ ಇದ್ದದ್ದು ಹೀಟರಿನ ಬಾಯಿಗೆ ಎದುರಾಗಿಯೇ. ಎಲ್ಲರ ದುಡಿಮೆ ನೀರುಪಾಲು. ಯಾರೂ ಆಕೆಯನ್ನು ದೂರಲಿಲ್ಲ.

“ಬೈದಿದ್ರೆ ನಿದ್ದೆಯಾದ್ರೂ ಬರ್ತಿತ್ತು.”

ಈಗ ಗಾಡಿಯ ಕಿಟಕಿಗಳೆಲ್ಲ ತೆರೆದಿವೆ. ಪೆಟ್ಟಿಗೆ ಆಕೆಯ ಮಡಿಲಲ್ಲಿಲ್ಲ. ಮೈಯ ಕಾವೂ ತಾಗಬಾರದೆಂದು ಹಿಂದಿನ ಸೀಟಿನಲ್ಲಿದೆ. ಆಕೆ ಮತ್ತೆ ಮತ್ತೆ ತಿರುಗಿ ನೋಡುತ್ತಾಳೆ.

“ಅಕ್ಕಾ, ಒಂದು ಕಿಟಕಿನಾದ್ರೂ ಮುಚ್ಲಾ? ಹಲ್ಲು ತಾಳ ಹಾಕ್ತಿವೆ,” ಚಾಲಕ ಗೋಗರೆಯುತ್ತಾನೆ.

“ಹಾಕ್ಲಿ ಬಿಡಣ್ಣ. ಹೇಗೂ ರೇಡಿಯೋ ಕೆಟ್ಟಿದೆ.”

ಮನೆಯಲ್ಲಿ ಅತ್ತೆಯದು ಬೇರೆಯೇ ರಾಗ. “ಲೋಕದಲ್ಲಿ ಎಲ್ಲರ ಸೊಸೆಯಂದ್ರೂ ಮನೇಲಿರೋರಿಗೆ ಚಳಿ ಆಗತ್ತಾ ಅಂತ ಕೇಳ್ತಾರೆ. ನನ್ನ ಸೊಸೆ ಕೆಸರನ್ನ ಕೇಳೋಕೆ ಹೋಗ್ತಾಳೆ!” ಹೀಗೆ ಹಂಗಿಸುವ ಅತ್ತೆಯೇ ದಿನವೂ ಆಕೆಯ ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಒಣಗಲು ಇಡುತ್ತಾರೆ.

ಸಂಶೋಧನಾಲಯದ ಶೀತಲ ಕೋಣೆ. ಸಂಶೋಧಕಿ ಪೆಟ್ಟಿಗೆ ತೆರೆದು ಒಳಗಿನ ಥರ್ಮಾಮೀಟರ್ ಎತ್ತಿಕೊಳ್ಳುತ್ತಾಳೆ. ಕೆಸರಕ್ಕನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ತೊಳೆದಿಟ್ಟ ಗಾಜಿನ ತಟ್ಟೆಗಳನ್ನೇ ಮತ್ತೆ ಒರೆಸುತ್ತಾಳೆ.

“ತೀರದಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಅಕ್ಕ.”

ಒರೆಸುವ ಕೈ ನಿಲ್ಲುತ್ತದೆ. ಸಂಶೋಧಕಿ ಒಂದು ಹನಿ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ. ಕೆಸರಕ್ಕ ಕಣ್ಣು ಹಚ್ಚುತ್ತಾಳೆ. ದೋಣಿಯಾಕಾರದ ಹೊನ್ನಿನ ಚೂರುಗಳು ಬಲು ನಿಧಾನವಾಗಿ ಜಾರುತ್ತಿವೆ.

ಏನಾದರೂ ಆಸೆಯಿದೆಯೇ ಎಂದು ಸಂಶೋಧಕಿ ಕೇಳಿದರೆ ಕೆಸರಕ್ಕ ಗೋಡೆಯ ಗಡಿಯಾರ ನೋಡುತ್ತಾಳೆ. ಇನ್ನೂ ಕೊಳವೆಗಳನ್ನು ತೊಳೆಯುವುದಿದೆ.

“ಒಂದಿನ ಅತ್ತೆಗೆ ಇದನ್ನ ತೋರಿಸ್ಬೇಕು. ‘ಇಷ್ಟು ಚಿಕ್ಕವಕ್ಕೆ ಯಾರೇ ಸ್ವೆಟರ್ ಹೆಣೀತಾರೆ?’ ಅಂತ ಕೇಳೇ ಕೇಳ್ತಾರೆ. ‘ಅವೇ ಹೆಣ್ಕೊಳ್ತವೆ ಅತ್ತೆ, ದಾರೀಲಿ ನಾವು ಬಿಚ್ಚಿಸದೇ ಇದ್ರೆ ಸಾಕು’ ಅಂತೀನಿ.”