ಸುಗಲಾಬಾಯಿಯ ಮುಯ್ಯಿ

ಬಶೀರಾಬಾದಿನ ಹತ್ತಿರದ ಆ ಹಳ್ಳಿಯಲ್ಲಿ ಸುಗಲಾಬಾಯಿ ಮುಯ್ಯಿಗೆ ಹೋಗದ ಮನೆ ಒಂದೇ, ಭೀಮಮ್ಮನದು. ಉಳಿದವರ ಹೊಲದಲ್ಲೆಲ್ಲ ಅವಳು ತೊಗರಿ ಕೊಯ್ದಿದ್ದಳು. ಅವಳು ಕರೆದ ದಿನ ಅವರೂ ಬಂದು ದುಡಿಯಬೇಕು, ಅದೇ ಮುಯ್ಯಿ. ಆದರೆ ಭೀಮಮ್ಮನ ಎಮ್ಮೆ ಇವಳ ತೊಗರಿ ಮೇಯ್ದ ವರ್ಷ, "ಆಕಿ ಹೊಲದಾಗ ನಾ ಕಾಲಿಟ್ರ ನನಗ ಬ್ಯಾರೆ ಹೆಸರಿಡ್ರಿ" ಎಂದು ಬಾವಿಕಟ್ಟೆಯ ಮೇಲೆ ನಿಂತು ಸಾರಿಬಿಟ್ಟಿದ್ದಳು.

ಇದು ಸಾವಿರದ ಒಂಬೈನೂರ ಎಂಬತ್ತರ ಸುಮಾರಿನ ಮಾತು. ಸುಗಲಾಬಾಯಿಯ ಮೊಮ್ಮಗಳು ಕೌಶಲ್ಯಾಳಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ತಿಂಗಳಿಗೊಮ್ಮೆ ತಾಂಡೂರಿಗೆ ಒಯ್ದು ಬೇರೆಯವರ ರಕ್ತ ಏರಿಸಬೇಕು. ಒಮ್ಮೆ ರಕ್ತ ಮಾರುವವನೊಬ್ಬನಿಂದ ಕೊಂಡದ್ದು ಏರಿಸಿ ಕಾಮಾಲೆ ಹತ್ತಿತು, ಹುಡುಗಿ ಉಳಿದದ್ದೇ ಹೆಚ್ಚು. ಡಾಕ್ಟರಮ್ಮ ಖಡಾಖಂಡಿತ ಹೇಳಿದಳು: "ಇನ್ನು ಕೊಂಡ ರಕ್ತ ಬೇಡ. ನಿಮ್ಮೂರಿನ ಗಟ್ಟಿಮುಟ್ಟಾದವರನ್ನು ಕರೆತನ್ನಿ. ತಪಾಸಣೆ ಮಾಡಿ, ಹೊಂದಿದರೆ ಮಾತ್ರ ಏರಿಸ್ತೀನಿ." ಮನೆಯವರದು ಯಾರದೂ ಹೊಂದಲಿಲ್ಲ.

ಸುಗಲಾಬಾಯಿ ಊರಿನ ಪೈಲ್ವಾನ ಶಂಕ್ರೆಪ್ಪನನ್ನು ಮುಯ್ಯಿಗೆ ಕರೆದಳು. ಅವನು ಕುಡುಗೋಲು ಹಿಡಿದು ಬಂದ. ಅವಳು ಅವನನ್ನು ತಾಂಡೂರಿನ ಬಸ್ಸಿಗೆ ಹತ್ತಿಸಿದಳು.

"ಹೊಲ ಎಲ್ಲಿ ಅದರಿ ಅತ್ತಿ?"

"ಹೊಲ ಅಲ್ಲಪ್ಪ. ಕೂಸಿಗಿ ಒಂದೀಟು ರಕ್ತ ಕೊಡಾಕ ಹೊಂಟೀವಿ. ಒಲ್ಲೆ ಅಂದ್ರ ಇಳಿ, ನಾ ಹಿಡಿಯಂಗಿಲ್ಲ. ಆದ್ರ ಬಸ್ಸಿನ ತುಂಬ ನಮ್ಮೂರ ಹೆಣ್ಮಕ್ಕಳೇ ಅದಾರ, ನೋಡ್ಕೋ."

ಶಂಕ್ರೆಪ್ಪ ಇಳಿಯಲಿಲ್ಲ. ದವಾಖಾನೆಯಲ್ಲಿ ಸೂಜಿ ಕಂಡು ಬೆವರಿದ, ಕಣ್ಣು ಮುಚ್ಚಿ ತೋಳು ಚಾಚಿದ. ಅವನದು ಹೊಂದುವುದಿಲ್ಲ, ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಪೈಲ್ವಾನನಿಗೆ ಸಿಟ್ಟು ನೆತ್ತಿಗೇರಿತು.

"ಹಾಲು ಬೆಣ್ಣಿ ತಿಂದ ಮೈ ಅದರಿ. ಇದಕ್ಕೇನು ಕಮ್ಮಿ ಆಗ್ಯಾದ?"

ಈ ಸುದ್ದಿ ಊರು ಮುಟ್ಟಿದ್ದೇ ತಡ, ಪೈಲ್ವಾನನದು ನಡೆಯದಿದ್ದರೆ ನಮ್ಮದು ನಡೆದೀತು ಎಂದು ಜನ ಪೈಪೋಟಿಗೆ ಬಿದ್ದರು. ರಕ್ತ ಕೊಟ್ಟರೆ ನೇಗಿಲು ಹಿಡಿಯಲಾಗದು ಎನ್ನುತ್ತಿದ್ದವರೇ ಬಸ್ಸಿನ ಸೀಟಿಗೆ ಜಗಳಾಡಿದರು. ಸುಗಲಾಬಾಯಿ ಸೆರಗಿನೊಳಗೇ ನಕ್ಕಳು. ಆ ನಗು ದವಾಖಾನೆಯವರೆಗೆ ಮಾತ್ರ ಬಂತು. ಆ ಸಲ ಹೊಂದಿದ್ದು ಒಬ್ಬರದೇ: ಯಾರೂ ಕರೆಯದೆ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದ ಭೀಮಮ್ಮನದು.

ಭೀಮಮ್ಮ ಇವಳತ್ತ ತಿರುಗಿಯೂ ನೋಡದೆ ಮಲಗಿ ತೋಳು ಕೊಟ್ಟಳು. ಸಂಜೆಗೆ ಕೌಶಲ್ಯಾಳ ಬಿಳಿಚಿದ ತುಟಿಗೆ ಬಣ್ಣ ಬಂತು. ಸುಗಲಾಬಾಯಿ ಗೋಡೆಗೆ ಮುಖ ಮಾಡಿ ಅತ್ತಳು.

ಮರುದಿನ ಬೆಳಿಗ್ಗೆ ಅವಳು ಕುಡುಗೋಲು ಹಿಡಿದು ಭೀಮಮ್ಮನ ಹೊಲದ ಬದುವಿನ ಮೇಲೆ ನಿಂತಿದ್ದಳು. ಕಾಲು ಮಾತ್ರ ಒಳಗೆ ಹೋಗಲೊಲ್ಲದು. ಇವತ್ತು ದುಡಿಯಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಭೀಮಮ್ಮ ಬೇವಿನ ನೆರಳಲ್ಲಿ ಆರಾಮಾಗಿ ಕೂತಿದ್ದಳು.

"ಬಾ ಯಕ್ಕಾ," ಎಂದಳು. "ಏನಂತ ಹೆಸರಿಡಲಿ ನಿನಗ?"

"ನಿನಗ ತಿಳಿದಿದ್ದು ಇಡು," ಎಂದ ಸುಗಲಾಬಾಯಿ ಬದು ದಾಟಿ ತೊಗರಿಯ ಸಾಲು ಹಿಡಿದಳು.