ಮುಂದಿಂದು

ಯಮುನಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಶೆಟ್ಟಿಕೊಪ್ಪಕ್ಕೆಲ್ಲ ಗೊತ್ತು. ಕೈ ತೋರಿಸಿದರೂ ನಿಲ್ಲದ ಬಸ್ಸು, ಕೆಟ್ಟುಹೋದ ಮಿಕ್ಸಿ, ಕೊನೆಯ ಹಾಳೆ ಹರಿದ ಪುಸ್ತಕ, ಯಾವುದನ್ನೂ ಅವಳು ಬಯ್ಯದೆ ಬಿಟ್ಟವಳಲ್ಲ. ಆದರೆ ಆ ಬುಧವಾರ ಗಂಡ ಬೈರಪ್ಪನ ಮೇಲೆ ಬಂದ ಸಿಟ್ಟಿಗೆ ಸರಿಯಾದ ಕಾರಣವಿತ್ತು.

ಪಕ್ಕದ ಮನೆಯ ಚಿಕ್ಕಕ್ಕ ಅವಳ ಓರಗಿತ್ತಿ, ಬೈರಪ್ಪನ ಅಣ್ಣನ ಹೆಂಡತಿ. ಆಸ್ತಿ ಭಾಗವಾದ ಮೇಲೆ ಬೈರಪ್ಪನ ಪಾಲಿನ ಗದ್ದೆಯಲ್ಲಿ ಬಾವಿ ತೋಡಿದರೆ ಬೇಸಿಗೆಯಲ್ಲೂ ಬತ್ತದ ನೀರು ಸಿಕ್ಕಿತು. ಭಾಗವಾಗುವ ಮುಂಚೆಯೇ ನೀರು ನೋಡುವವನನ್ನು ಗುಟ್ಟಾಗಿ ಕರೆಸಿ, ಗಂಡ ಹೆಂಡತಿ ಎಲ್ಲ ತಿಳಿದುಕೊಂಡೇ ಆ ಪಾಲು ಕೇಳಿದರು ಎಂದು ಚಿಕ್ಕಕ್ಕ ಊರಿಡೀ ಹೇಳಿಕೊಂಡು ಬಂದಳು. ಯಮುನಮ್ಮನಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಸುಳ್ಳು ಹೊರಿಸಿದವಳ ಮುಖ ನೋಡುವುದಿಲ್ಲ ಎಂದು ಅವಳೂ ಮಾತು ಬಿಟ್ಟಳು. ವರ್ಷಗಟ್ಟಲೆ ಬೇಲಿಯ ಆಚೆ ಅವಳು, ಈಚೆ ಇವಳು.

ಆಮೇಲೆ ಚಿಕ್ಕಕ್ಕನ ಕಣ್ಣು ಹೋಯಿತು. ಪತ್ತೇದಾರಿ ಕಾದಂಬರಿಗೆ ಊಟ ಬಿಡುತ್ತಿದ್ದ ಹೆಂಗಸು, ಒಂದೇ ಒಂದು ಪುಟ ಓದಿ ಹೇಳೆಂದು ಸೊಸೆಯನ್ನು ಕೇಳಿ ಬಯ್ಯಿಸಿಕೊಂಡದ್ದು ಒಂದು ದಿನ ಬೇಲಿಯ ಈಚೆಗೆ ಕೇಳಿಸಿತು. ಯಮುನಮ್ಮನಿಗೆ ಅದಕ್ಕೂ ಸಿಟ್ಟು ಬಂತು. ಪುಸ್ತಕ ಹಿಡಿದುಕೊಂಡು ಹೋಗಿ, ಹೇಗಿದ್ದೀಯ ಎಂದೂ ಕೇಳದೆ ಜಗಲಿಯಲ್ಲಿ ಕೂತು ಓದತೊಡಗಿದಳು. ಅಂದಿನಿಂದ ದಿನಾ ಮಧ್ಯಾಹ್ನ ಓದು ನಡೆದಿತ್ತು. ಬಾವಿಯ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಓದುತ್ತಿದ್ದುದು ಇಕ್ಕೇರಿ ಅರಸರ ಕಾಲದ ಪತ್ತೇದಾರಿ ಸರಣಿ. ಅರಮನೆಯ ಕಾವಲುಗಾರ ಚನ್ನವೀರ ಪುಸ್ತಕಕ್ಕೊಂದು ಕೊಲೆ ಪತ್ತೆ ಮಾಡುತ್ತಾನೆ. ಅವನ ಅಪ್ಪನನ್ನೇ ಕೊಂದವರು ಯಾರೆಂಬುದು ಮಾತ್ರ ಏಳು ಪುಸ್ತಕ ದಾಟಿದ ಮೇಲೆ ಬಯಲಾಗುವುದು. ಸಾಲು ತಪ್ಪಿ ಓದಿದರೆ ಎಲ್ಲ ಹಾಳು. ಇಬ್ಬರಿಗೂ ಒಟ್ಟಿಗೇ ಗೊತ್ತಾಗಬೇಕು, ನನಗಿಂತ ಮುಂಚೆ ನೀನು ತಿಳಿದುಕೊಂಡರೆ ಇಲ್ಲಿಗೆ ಬರುವುದೇ ಬೇಡ ಎಂದು ಚಿಕ್ಕಕ್ಕ ಮೊದಲೇ ಷರತ್ತು ಹಾಕಿದ್ದಳು. ಯಾವುದು ಎಷ್ಟನೆಯದು ಎಂದು ರಟ್ಟಿನ ಮೇಲೆ ಹಾಕುವ ಬುದ್ಧಿ ಪ್ರಕಾಶಕನಿಗೆ ಇರಲಿಲ್ಲ. ಕೊಪ್ಪ ಪೇಟೆಯ ಲೈಬ್ರರಿಯವನನ್ನು ಕೇಳಿಕೊಂಡೇ ತರಬೇಕಿತ್ತು.

ಮೂರನೆಯದು ಮುಗಿದಿತ್ತು. ಕೊಪ್ಪಕ್ಕೆ ಹೊರಟ ಬೈರಪ್ಪನಿಗೆ ಯಮುನಮ್ಮ ಮೂರನೆಯದನ್ನು ತೋರಿಸಿ, ಇದರ ಮುಂದಿಂದು ತನ್ನಿ ಎಂದಳು. ಅವನು ತಂದ. ಮಧ್ಯಾಹ್ನ ಚಿಕ್ಕಕ್ಕನ ಜಗಲಿಯಲ್ಲಿ ಕೂತು ಬಿಡಿಸಿದಳು. "ತನ್ನ ತಂದೆಯನ್ನು ಕೊಂದ" ಎನ್ನುವಷ್ಟರಲ್ಲಿ ಕಣ್ಣು ಮುಂದಿನ ಪದಕ್ಕೆ ಹೋಯಿತು. ಫಟ್ಟನೆ ಪುಸ್ತಕ ಮುಚ್ಚಿದಳು. ಸೋಮಣ್ಣ! ಚನ್ನವೀರನನ್ನು ಮಗನ ಹಾಗೆ ಸಾಕಿದ ಸೋಮಣ್ಣ. ಕೈಯಲ್ಲಿದ್ದದ್ದು ಎಂಟನೆಯ ಪುಸ್ತಕ.

ಕನ್ನಡಕ ಮರೆತೆ, ನಾಳೆ ಓದುತ್ತೇನೆ ಎಂದು ಎದ್ದು ಬಂದವಳು ಗಂಡನ ಮೇಲೆ ಹರಿಹಾಯ್ದಳು. ಬೈರಪ್ಪ ತಣ್ಣಗೆ ಅಡಕೆ ಅಗಿಯುತ್ತಿದ್ದ.

"ಮುಂದಿಂದು ಅಂದ್ಯಲ್ಲ ಮಾರಾಯ್ತಿ. ಕಪಾಟಿನಲ್ಲಿ ಮುಂದೇ ಇತ್ತು, ತಂದೆ."

ಮರುದಿನ ಯಮುನಮ್ಮ ತಾನೇ ಬಸ್ಸು ಹತ್ತಿ ಹೋಗಿ ನಾಲ್ಕನೆಯದನ್ನು ತಂದಳು. ಏನೂ ಆಗದವಳ ಹಾಗೆ ಓದಿಬಿಡುವುದು ಎಂದುಕೊಂಡಿದ್ದಳು. ಎರಡನೇ ಪುಟದಲ್ಲೇ ಜ್ವರದಲ್ಲಿ ಮಲಗಿದ ಚನ್ನವೀರನಿಗೆ ಸೋಮಣ್ಣ ಗಂಜಿ ಕುಡಿಸಲು ಬಂದ. ಹಿಂದಿನ ಮೂರು ಪುಸ್ತಕದಲ್ಲಿ ಸೋಮಣ್ಣನ ಮಾತು ಬಂದರೆ ಅವಳ ದನಿ ಮೆತ್ತಗಾಗುತ್ತಿತ್ತು. ಈಗ "ಕುಡಿ ಮಗು" ಎಂಬುದನ್ನು ಥೂ ಎಂದು ಉಗುಳಿದ ಹಾಗೆ ಓದಿದಳು. ಕೊಲೆಗಡುಕನ ಬಾಯಲ್ಲಿ ಮಗು ಎನ್ನುವ ಮಾತು ಕಂಡು ಅವಳ ಮೈ ಉರಿದುಹೋಗಿತ್ತು.

ಚಿಕ್ಕಕ್ಕ ಕೈ ಎತ್ತಿ ಓದು ನಿಲ್ಲಿಸಿದಳು.

"ಸೋಮಣ್ಣನ ಮೇಲೆ ಎಂತಕ್ಕೆ ಸಿಟ್ಟು ನಿಂಗೆ?"

ಯಮುನಮ್ಮ ಪುಟ ಮಗುಚಿದಳು.

"ನಿಂಗೆ ಗೊತ್ತಾಗಿದೆ. ಎಲ್ಲ ಮುಂಚೇನೆ ತಿಳ್ಕಂಡು, ಏನೂ ಗೊತ್ತಿಲ್ದವ್ರ ಹಾಗೆ ನನ್ನ ಎದುರು ಕೂರೋದು ನಿಮ್ಮ ಮನೆಯವ್ರಿಗೆ ಹೊಸತಲ್ಲ."

ಬಾವಿಯ ಮಾತು ಕೊನೆಗೂ ಬಂದೇಬಿಟ್ಟಿತು. ಯಮುನಮ್ಮ ಪುಸ್ತಕವನ್ನು ಜಗಲಿಯ ಮೇಲೆ ಕುಕ್ಕಿ ಎದ್ದು ನಿಂತಳು.

"ಹೌದು, ಇದು ಗೊತ್ತು. ಅವನೇ ಕೊಂದದ್ದು. ಬಾವಿದು ಗೊತ್ತಿರ್ಲಿಲ್ಲ, ಅಕ್ಕ. ದೇವರಾಣೆಗೂ ಗೊತ್ತಿರ್ಲಿಲ್ಲ."

ಯಮುನಮ್ಮ ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತಿದ್ದಾಗ ಚಿಕ್ಕಕ್ಕನ ದನಿ ಕೇಳಿಸಿತು.

"ಕಥೆಯ ಕೊಲೆಗಾರನ್ನ ಎರಡು ಪುಟ ಮುಚ್ಚಿಡಕ್ಕೆ ಆಗ್ಲಿಲ್ಲ ನಿಂಗೆ. ಅಷ್ಟು ದೊಡ್ಡ ಬಾವಿ ಹೇಗೆ ಮುಚ್ಚಿಡ್ತಿದ್ದೆ? ಇಲ್ಲ, ನಿಂಗೆ ಗೊತ್ತಿರ್ಲಿಲ್ಲ."

ಈಗ ಸಮಾಧಾನವಾಗಬೇಕಿತ್ತು. ಆದರೆ ಯಮುನಮ್ಮನಿಗೆ ಜನ್ಮದಲ್ಲೇ ಬಾರದಷ್ಟು ಸಿಟ್ಟು ಬಂತು. ಇದಿಷ್ಟು ಹೊಳೆಯಲು ಇಷ್ಟು ವರ್ಷ ಬೇಕಿತ್ತೆ? ಕಣ್ಣಿದ್ದಾಗ ಒಮ್ಮೆ ತನ್ನ ಮುಖ ನೋಡಿದ್ದರೆ ಆಗುತ್ತಿರಲಿಲ್ಲವೆ? ಮೆಟ್ಟಿಲು ಹತ್ತಿ ವಾಪಸ್ಸು ಬಂದು, ಧಡಕ್ಕನೆ ಕೂತು, ಪುಸ್ತಕ ಬಿಡಿಸಿ, ಮೂರನೇ ಮನೆಗೂ ಕೇಳುವಷ್ಟು ಜೋರಾಗಿ ಓದತೊಡಗಿದಳು. ಕಣ್ಣೀರಿಗೆ ಅಕ್ಷರ ಕಾಣದೆ ಒಂದು ಸಾಲು ಬಿಟ್ಟುಹೋಯಿತು.

"ಸಾಲು ತಪ್ಸಬೇಡ" ಎಂದಳು ಚಿಕ್ಕಕ್ಕ.